ಮುಗಿದ ಮನೆ

ಹೆಗಲಿಗೆ ನೀಲಿ ಚೀಲ ಹಾಕಿಕೊಂಡು ಹದಿನಾರು ವರ್ಷದಿಂದ ಮನೆಮನೆ ತಿರುಗುತ್ತಿದ್ದವಳನ್ನು ಊರಿನವರು ಚೀಲದಕ್ಕ ಎಂದೇ ಕರೆಯುತ್ತಿದ್ದರು. ಅವಳ ಅಪ್ಪ ಅಮ್ಮ ಇಟ್ಟ ಹೆಸರು ಆರೋಗ್ಯ ಕೇಂದ್ರದ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಚೀಲದಲ್ಲಿ ಮೇಲುಗಡೆ ಜ್ವರದ ಮಾತ್ರೆ, ಗಾಯದ ಹತ್ತಿ, ಕೂಸು ತೂಗುವ ತಕ್ಕಡಿ. ಅದರ ಕೆಳಗೆ ಬಸಿರು ತಡೆಯುವ ಗುಳಿಗೆ. ಎಲ್ಲಕ್ಕಿಂತ ಅಡಿಯಲ್ಲಿ, ಬಟ್ಟೆ ಸುತ್ತಿಟ್ಟ ಕಾಂಡೋಮಿನ ಡಬ್ಬಿ. ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಅಕ್ಕಾ, ಅಡೀದು ಇದ್ಯಾ?" ಎಂದು ಹೆಂಗಸರು ಕೇಳುತ್ತಿದ್ದರು. ಅಷ್ಟೇ ಸಾಕಾಗುತ್ತಿತ್ತು.

ಅವಳ ಬಳಿ ಉದ್ದನೆಯ ಒಂದು ಪುಸ್ತಕವಿತ್ತು. ಹೆರುವ ವಯಸ್ಸಿನ ಗಂಡ ಹೆಂಡಿರಿಗೆ ಅದರಲ್ಲಿ ಒಂದೊಂದು ಸಾಲು. ಯಾರಾದರೂ ಆಪರೇಷನ್ ಮಾಡಿಸಿಕೊಂಡರೆ ಆ ಸಾಲಿನ ಮೇಲೆ ಸ್ಕೇಲು ಇಟ್ಟು ಕೆಂಪು ಗೆರೆ ಎಳೆಯಬೇಕು. ಗೆರೆ ಬಿದ್ದ ಮನೆಗೆ ಗುಳಿಗೆಯೂ ಇಲ್ಲ, ಅಡಿಯದೂ ಇಲ್ಲ. ಅಂಥದ್ದನ್ನು ಆರೋಗ್ಯ ಕೇಂದ್ರದವರು ತಮ್ಮತಮ್ಮಲ್ಲೇ ಮುಗಿದ ಮನೆ ಎನ್ನುತ್ತಿದ್ದರು. ತಿಂಗಳ ಸಭೆಯಲ್ಲಿ ದೊಡ್ಡ ನರ್ಸು ಹಾಳೆ ತಿರುವಿ, "ನಿನ್ನ ಪುಸ್ತಕ ಚೆನ್ನಾಗಿ ಕೆಂಪಗಾಗಿದೆ ಕಣೇ" ಎಂದರೆ ಚೀಲದಕ್ಕನಿಗೆ ಆ ದಿನದ ಕಾಲುನೋವೆಲ್ಲ ಇಳಿದುಹೋಗುತ್ತಿತ್ತು.

ಹಗ್ಗ ಹೊಸೆಯುವವನ ಮನೆ ಊರಿನ ಕೊನೆಯಲ್ಲಿತ್ತು. ಮನೆಯ ಪಕ್ಕಕ್ಕೆ ನೂರು ಹೆಜ್ಜೆ ಉದ್ದದ, ಎರಡು ಹೆಜ್ಜೆ ಅಗಲದ ಓಣಿ. ಈಚೆ ತುದಿಯಲ್ಲಿ ಕಂಬಕ್ಕೆ ಬಿಗಿದ ಮರದ ರಾಟೆ. ಅದನ್ನು ತಿರುಗಿಸುವುದು ಹೆಂಡತಿಯ ಕೆಲಸ. ಗಂಡ ಸೊಂಟಕ್ಕೆ ನಾರಿನ ಕಟ್ಟು ಸುತ್ತಿಕೊಂಡು, ಅದರ ತುದಿಯನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿ, ಬೆರಳಿನಿಂದ ನಾರು ಬಿಡುತ್ತಾ ಹಿಂದುಹಿಂದಕ್ಕೆ ನಡೆಯುತ್ತಾನೆ. ಹಿಂದೆ ಏನಿದೆ ಎಂದು ಅವನು ನೋಡುವ ಹಾಗಿಲ್ಲ. ಕಣ್ಣು ಎಳೆಯ ಮೇಲೆ, ಅದರಾಚೆ ಹೆಂಡತಿಯ ಮೇಲೆ.

"ಮದುವೆಯಾದಾಗಿನಿಂದ ಇವಳ ಮುಖ ನೋಡ್ತಾನೇ ದೂರ ಹೋಗ್ತಿದ್ದೀನಿ ಅಕ್ಕಾ. ಓಡಿಹೋಗೋಣ ಅಂದ್ರೆ ಓಣಿ ಮುಗಿದುಬಿಡುತ್ತೆ" ಎಂದು ಅವನು ನಗಿಸುತ್ತಿದ್ದ.

"ಓಡಿಹೋಗೋರು ಮುಂದಕ್ಕೆ ಓಡ್ತಾರೆ. ಸುಮ್ನೆ ನಾರು ಬಿಡಿ" ಎಂದು ಅವಳು ಅಲ್ಲಿಂದಲೇ ಕೂಗುತ್ತಿದ್ದಳು.

ವರ್ಷದಲ್ಲಿ ಮೂರು ತಿಂಗಳು ಮಾತ್ರ ಆ ಓಣಿ ಖಾಲಿ. ಮೀನಿನ ದೋಣಿಗಳ ಹಗ್ಗ ಕೂಡಿಸಿ ಹೆಣೆಯಲು ಅವನು ಬಂದರಿಗೆ ಹೋಗುತ್ತಿದ್ದ.

ಎಂಟು ವರ್ಷದ ಹಿಂದೆ, ಎರಡನೆಯ ಹೆಣ್ಣುಮಗು ಹುಟ್ಟಿದ ಮೇಲೆ, ಹಗ್ಗದವನ ಹೆಂಡತಿ ಆಪರೇಷನ್ ಮಾಡಿಸಿಕೊಂಡಳು. ಕರೆದುಕೊಂಡು ಹೋದವಳೂ ಚೀಲದಕ್ಕನೇ, ಹೊಲಿಗೆ ಬಿಚ್ಚಿಸಿ ತಂದವಳೂ ಅವಳೇ. ಅದಾದ ವಾರಕ್ಕೆ ಅವಳು ಆ ಮನೆಗೆ ಹೋಗಿದ್ದು ಒಂದು ಸಣ್ಣ ಕೆಲಸಕ್ಕೆ. ಆ ತಿಂಗಳು ಕೇಂದ್ರದಲ್ಲಿ ಅಡಿಯದರ ದಾಸ್ತಾನು ಮುಗಿದಿತ್ತು. ಇವರ ಮನೆಯ ಅಟ್ಟಣಿಗೆಯಲ್ಲಿ ಅರ್ಧ ಡಬ್ಬಿ ಉಳಿದಿರುವುದು ಅವಳಿಗೆ ಗೊತ್ತಿತ್ತು.

"ಅದನ್ನ ಇತ್ಲಾಗೆ ಕೊಡಮ್ಮ. ನಿನಗೆ ಇನ್ನು ಯಾಕೆ?"

ಹಗ್ಗದವಳು ಡಬ್ಬಿ ತೆಗೆದಳು. ಕೊಡದೆ ಕೈಯಲ್ಲೇ ಹಿಡಿದುಕೊಂಡು ನಿಂತಳು. "ಇವರು ಮೂರು ತಿಂಗಳು ಹೊರಗಡೆ ಇರ್ತಾರಲ್ಲ ಅಕ್ಕಾ..." ಎಂದಳು.

"ಹಾಗಾದ್ರೆ ಇನ್ನೂ ಒಳ್ಳೇದಾಯ್ತು. ಮನೇಲಿಲ್ಲದ ಗಂಡನಿಗೆ ಡಬ್ಬಿ ಯಾಕೆ?" ಎಂದು ಚೀಲದಕ್ಕ ನಕ್ಕಳು. "ಹೆದರಬೇಡ. ಆಪರೇಷನ್ ಅಂದ್ರೆ ಬೀಗ ಹಾಕಿ ಕೀಲಿ ಬಾವಿಗೆ ಎಸೆದ ಹಾಗೆ. ನಿಮ್ಮದು ಮುಗಿದ ಮನೆ."

ಹಗ್ಗದವಳೂ ನಕ್ಕಳು. ಡಬ್ಬಿ ಕೊಟ್ಟಳು. ಚೀಲದಕ್ಕ ಅದನ್ನು ಬಟ್ಟೆಯಲ್ಲಿ ಸುತ್ತಿ ಅಡಿಗೆ ತುರುಕಿ, ಸಂಜೆ ಸ್ಕೇಲು ಇಟ್ಟು ಗೆರೆ ಎಳೆದಳು.

ಈ ವರ್ಷ ಅವನು ಬಂದರಿನಿಂದ ಬಂದಾಗ ಕೆಮ್ಮು ತಂದಿದ್ದ. ಸೊಂಟಕ್ಕೆ ಎರಡು ಸುತ್ತು ಬರುತ್ತಿದ್ದ ನಾರು ಮೂರು ಸುತ್ತು ಬರತೊಡಗಿತು. ನೂರು ಹೆಜ್ಜೆ ಹಿಂದೆ ನಡೆಯಲು ಮೂರು ಕಡೆ ನಿಲ್ಲುತ್ತಿದ್ದ. ನಿಂತಲ್ಲೆಲ್ಲ ಎಳೆ ಗಂಟು ಬೀಳುತ್ತಿತ್ತು. ಚೀಲದಕ್ಕನೇ ಬಲವಂತ ಮಾಡಿ ಎದೆಯ ಆಸ್ಪತ್ರೆಗೆ ಕಳಿಸಿದಳು. ಹದಿನೈದು ದಿನಕ್ಕೆ ಅಲ್ಲಿಂದ ಅವನ ಜೊತೆ ಮಡಿಸಿದ ಚೀಟಿ ಬಂತು. ಕೆಮ್ಮಿಗೆ ಔಷಧ ಶುರುವಾಗಿದೆ, ರಕ್ತದಲ್ಲಿ ಎಚ್‌ಐವಿ ಸಿಕ್ಕಿದೆ, ಹೆಂಡತಿಯನ್ನೂ ಪರೀಕ್ಷೆಗೆ ಕರೆತರುವುದು.

ಚೀಟಿ ಓದಿದಾಗ ಚೀಲದಕ್ಕನಿಗೆ ಮೊದಲು ಕಂಡದ್ದು ರೋಗಿಯ ಮುಖವಲ್ಲ. ಅಟ್ಟಣಿಗೆಯ ಮುಂದೆ ಡಬ್ಬಿ ಹಿಡಿದು ನಿಂತ ಕೈ. ಮೂರು ತಿಂಗಳು ಹೊರಗಡೆ ಇರ್ತಾರಲ್ಲ ಅಕ್ಕಾ. ಅದು ಅರ್ಧಕ್ಕೆ ನಿಂತ ಮಾತು, ಉಳಿದರ್ಧ ಹೇಳಲು ಅವಳಿಗೆ ನಾಚಿಕೆ ಎಂದು ಚೀಲದಕ್ಕನಿಗೆ ಹೊಳೆಯಲು ಎಂಟು ವರ್ಷ ಬೇಕಾಯಿತು.

ಅವಳು ಹೋದಾಗ ಹಗ್ಗದವಳು ರಾಟೆಯ ಕೀಲಿಗೆ ಎಣ್ಣೆ ಬಿಡುತ್ತಿದ್ದಳು. ಗಂಡ ಆಗಲೇ ಎಲ್ಲ ಹೇಳಿದ್ದ. ಹೇಳಿ, ತನ್ನ ಚಾಪೆ ಎತ್ತಿಕೊಂಡು ನಾರಿನ ಕೊಟ್ಟಿಗೆಗೆ ಹೋಗಿಬಿಟ್ಟಿದ್ದ. ತಟ್ಟೆ ಲೋಟವನ್ನೂ ಬೇರೆ ಇಟ್ಟುಕೊಂಡಿದ್ದ.

"ತಟ್ಟೆಯಿಂದೆಲ್ಲ ಬರೋದಿಲ್ಲ ಕಣಮ್ಮ" ಎಂದಳು ಚೀಲದಕ್ಕ.

"ನಂಗೊತ್ತು. ಅವರಿಗೆ ಹೇಳಿ. ಊಟಕ್ಕೆ ಕರೆದ್ರೆ ಮುಖ ಆ ಕಡೆ ತಿರುಗಿಸ್ತಾರೆ."

"ಬಯ್ದ್ಯಾ?"

"ಬಯ್ದೆ. ಹೊಟ್ಟೆ ತುಂಬ ಬಯ್ದೆ. ಬಯ್ದು ಮುಗಿಸಿ ನೋಡಿದ್ರೆ, ಅವರಿಗೆ ಕಂಬಳಿ ಹೊದಿಸ್ತಾ ಇದ್ದೆ." ಅವಳು ಎಣ್ಣೆಯ ಬಟ್ಟೆ ಹಿಂಡಿದಳು. "ನನಗೂ ಇರುತ್ತಾ ಅಕ್ಕಾ?"

"ನೋಡೋಣ. ಇರಲೇಬೇಕು ಅಂತೇನಿಲ್ಲ."

ಇಬ್ಬರೂ ಪೇಟೆಯ ಬಸ್ಸು ಹತ್ತಿದರು. ಆಸ್ಪತ್ರೆಯಲ್ಲಿ ಎರಡು ಕೋಣೆ, ನಡುವೆ ಉದ್ದನೆಯ ಹಾದಿ. ಬಸಿರು ತಡೆಯುವ ವಿಚಾರ ಆ ತುದಿಯಲ್ಲಿ, ಎಚ್‌ಐವಿ ಈ ತುದಿಯಲ್ಲಿ. ಈ ತುದಿಯ ಸಲಹೆಗಾರ್ತಿ ಚಿಕ್ಕ ವಯಸ್ಸಿನವಳು, ಕೆನ್ನೆಯ ಮೇಲೆ ಮೊಡವೆ ಇನ್ನೂ ಮಾಸಿರಲಿಲ್ಲ. ಬೆರಳಿಗೆ ಚುಚ್ಚಿ ರಕ್ತದ ಹನಿಯನ್ನು ಬಿಳಿಯ ಪಟ್ಟಿಯ ಮೇಲೆ ಬಿಟ್ಟಳು.

"ಒಂದೇ ಕೆಂಪು ಗೆರೆ ಬಂದ್ರೆ ಇಲ್ಲ ಅಂತ. ಎರಡು ಬಂದ್ರೆ ಇನ್ನೊಂದೆರಡು ಸಲ ನೋಡಿ ಆಮೇಲೆ ಹೇಳ್ತೀನಿ."

ಕಾಯುವಾಗ ಅವಳು ಹಾಳೆ ತುಂಬುತ್ತಾ ಕೇಳಿದಳು, "ಕುಟುಂಬ ಯೋಜನೆ ಏನಾದ್ರೂ?"

"ಆಪರೇಷನ್ ಆಗಿದೆ."

"ಸರಿ, ಅದು ಮುಗೀತು" ಎಂದು ಹುಡುಗಿ ಗುರುತು ಹಾಕಿ ಮುಂದಿನ ಸಾಲಿಗೆ ಹೋದಳು.

ಚೀಲದಕ್ಕ ತಡೆಯಲಾರದೆ ಹೇಳಿದಳು, "ಮುಗೀಲಿಲ್ಲ ತಾಯಿ. ಆಪರೇಷನ್ ಕೂಸನ್ನ ತಡೆಯುತ್ತೆ. ಇದನ್ನ ತಡೆಯಲ್ಲ. ಇವರಿಗೆ ಡಬ್ಬಿಯೂ ಬೇಕು. ಕೊಡಬೇಕಾಗಿತ್ತು."

ಹುಡುಗಿ ತಲೆ ಎತ್ತಿದಳು. ಹಗ್ಗದವಳು ಮಾತ್ರ ತಿರುಗಲಿಲ್ಲ. ಅವಳ ಕಣ್ಣು ಪಟ್ಟಿಯ ಮೇಲಿತ್ತು. ಅಲ್ಲಿ ಒಂದು ಗೆರೆ ಮೂಡಿತು. ಎಷ್ಟು ಹೊತ್ತು ನೋಡಿದರೂ ಒಂದೇ.

"ಇಲ್ಲ ಅಂತ ಬಂದಿದೆ" ಎಂದಳು ಹುಡುಗಿ. "ಆದ್ರೆ ಇತ್ತೀಚೆಗೆ ತಗುಲಿದ್ರೆ ಇಷ್ಟು ಬೇಗ ಕಾಣಿಸೋದಿಲ್ಲ. ಮೂರು ತಿಂಗಳು ಬಿಟ್ಟು ಇನ್ನೊಂದು ಸಲ ನೋಡ್ಬೇಕು."

ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಹಗ್ಗದವಳು ಎರಡು ಲೋಟ ಚಹಾ ತಂದಳು. "ಅಷ್ಟು ದೂರ ಹೋಗ್ತಿದ್ದವರು, ಏನೋ ಈ ಸಲ ನನ್ನನ್ನ ಉಳಿಸಿದ್ರು ಬಿಡಿ" ಎಂದು ನಕ್ಕಳು. ಚಹಾ ಬಿಸಿಯಿತ್ತು. ಚೀಲದಕ್ಕ ಊದದೆ ಕುಡಿದು ನಾಲಿಗೆ ಸುಟ್ಟುಕೊಂಡಳು.

ಪುಸ್ತಕದಲ್ಲಿ ಗೆರೆ ಬಿದ್ದ ಸಾಲನ್ನು ಮತ್ತೆ ತೆರೆಯುವ ಪದ್ಧತಿ ಇರಲಿಲ್ಲ. ಅವಳು ಕೊನೆಯ ಹಾಳೆಯಲ್ಲಿ ಅದೇ ಗಂಡ ಹೆಂಡಿರನ್ನು ಹೊಸಬರಂತೆ ಬರೆದಳು. ದೊಡ್ಡ ನರ್ಸು ಕನ್ನಡಕ ಏರಿಸಿ ನೋಡಿ, "ಇದೇನೇ, ಮುಗಿದ ಮನೆಗೆ ಮತ್ತೆ ಬಾಗಿಲು ಇಡ್ತಿದ್ದೀಯಾ?" ಎಂದಳು.

"ಮುಗಿದಿರ್ಲಿಲ್ಲ ಅಕ್ಕ. ನಾನೇ ಮುಗಿಸಿದ್ದು."

ದೊಡ್ಡ ನರ್ಸು ಕಪಾಟಿನ ಕಡೆ ತಿರುಗಿದಳು. ಡಬ್ಬಿ ತೆಗೆದುಕೊಟ್ಟಳು.

ಆ ಮೂರು ತಿಂಗಳು ಚೀಲದಕ್ಕ ವಾರಕ್ಕೊಮ್ಮೆ ಆ ಓಣಿಗೆ ಹೋದಳು. ಅವನಿಗೆ ಕೆಮ್ಮಿನದೂ ಎಚ್‌ಐವಿಯದೂ ಎರಡೂ ಔಷಧ ಹಿಡಿಯಿತು. ಕೆಮ್ಮು ಇಳಿಯಿತು, ಕೆನ್ನೆಗೆ ಸ್ವಲ್ಪ ಮಾಂಸ ಬಂತು. ಆದರೆ ಕಾಲಿನ ಶಕ್ತಿ ಬರಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಕುಳಿತು ನಾರು ಬಿಡಿಸಿ ಕೊಡುತ್ತಿದ್ದ. ಹೆಂಡತಿಯನ್ನು ನೇರವಾಗಿ ನೋಡದೆ, ಚೀಲದಕ್ಕನ ಮೂಲಕ ಮಾತಾಡುತ್ತಿದ್ದ. "ರಾಟೆ ಸ್ವಲ್ಪ ನಿಧಾನ ಅಂತ ಹೇಳಿ ಅಕ್ಕಾ." ಹತ್ತು ಹೆಜ್ಜೆ ಆಚೆಯಿದ್ದ ಅವಳು, "ಕೇಳಿಸ್ತು ಅಂತ ಹೇಳಿ" ಎನ್ನುತ್ತಿದ್ದಳು. ಹೆಣ್ಣುಮಕ್ಕಳಿಬ್ಬರೂ ಅಡ್ಡ ತಿರುಗಿ ನಗುತ್ತಿದ್ದರು. ಅಡಿಯದರ ಡಬ್ಬಿ ಅಟ್ಟಣಿಗೆಯ ಮೇಲೆ ಒಡೆಯದೆ ಹಾಗೇ ಕುಳಿತಿತ್ತು. ಚಾಪೆ ಕೊಟ್ಟಿಗೆಯಿಂದ ಒಳಗೆ ಬಂದಿರಲಿಲ್ಲ.

ಮೂರು ತಿಂಗಳು ತುಂಬಿದ ದಿನ ಇಬ್ಬರೂ ಅದೇ ಬಸ್ಸು ಹತ್ತಿದರು. ಅದೇ ಹುಡುಗಿ, ಅದೇ ಬೆರಳು. ಹನಿ ಬಿಟ್ಟು ಸ್ವಲ್ಪ ಹೊತ್ತಿಗೆ ಮೊದಲನೆಯ ಗೆರೆ ಬಂತು. ಹಗ್ಗದವಳು ಉಸಿರು ಬಿಟ್ಟಳು. ಎಳೆಯ ಗಂಟನ್ನು ಅರ್ಧ ಮೈಲಿಯಿಂದ ಗುರುತಿಸುವ ಕಣ್ಣು ಅವಳದು. ಎರಡನೆಯದು ಇನ್ನೂ ನೆರಳಿನಂತಿದ್ದಾಗಲೇ ಕಂಡುಹಿಡಿದಳು.

"ಬಂತಲ್ಲ" ಎಂದಳು, ಯಾರೋ ನೆಂಟರು ಬಂದಂತೆ.

ಹುಡುಗಿ ಇನ್ನೆರಡು ಪಟ್ಟಿಯಲ್ಲಿ ನೋಡಿದಳು. ಅವೂ ಹಾಗೆಯೇ. ಕುರ್ಚಿ ಹತ್ತಿರ ಎಳೆದುಕೊಂಡು, ಇವತ್ತಿನಿಂದಲೇ ಮಾತ್ರೆ, ದಿನಕ್ಕೊಂದು, ತಪ್ಪಿಸದೆ ತಿಂದರೆ ಮಕ್ಕಳ ಮದುವೆ, ಮೊಮ್ಮಕ್ಕಳು ಎಲ್ಲ ನೋಡಬಹುದು ಎಂದು ನಿಧಾನವಾಗಿ ಹೇಳಿದಳು. ಅವಳ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಹಗ್ಗದವಳು ಎಲ್ಲಕ್ಕೂ ಹೂಂ ಎಂದಳು. ಹೊರಟಾಗ ಚಪ್ಪಲಿ ಎಡಬಲ ಮಾಡಿ ಹಾಕಿಕೊಂಡಳು. ಬಸ್ ನಿಲ್ದಾಣದವರೆಗೆ ಹಾಗೇ ನಡೆದಳು.

ಮರುದಿನ ಚೀಲದಕ್ಕ ಹೋದಾಗ ಓಣಿಯಲ್ಲಿ ರಾಟೆಯ ಸದ್ದಿತ್ತು. ಹಗ್ಗದವಳು ಒಬ್ಬಳೇ ಎಳೆಯ ತುದಿಯನ್ನು ಗೂಟಕ್ಕೆ ಕಟ್ಟಿ ಒದ್ದಾಡುತ್ತಿದ್ದಳು. ಕೊಟ್ಟಿಗೆಯ ಬಾಗಿಲು ಮುಚ್ಚಿತ್ತು.

"ಹೇಳಿದ್ಯಾ ಅವರಿಗೆ?"

"ಹೇಳೋದೇನು. ನಾನು ಓಣಿಗೆ ಕಾಲಿಟ್ಟ ರೀತೀಲೇ ಗೊತ್ತಾಯ್ತು. ಆವಾಗ ಮುಚ್ಚಿದ ಬಾಗಿಲು." ಅವಳು ಹಣೆ ಒರೆಸಿಕೊಂಡಳು. "ಆ ತುದಿ ಸ್ವಲ್ಪ ಹಿಡೀತೀರಾ ಅಕ್ಕಾ? ಗೂಟಕ್ಕೆ ಕಟ್ಟಿದ್ರೆ ಹುರಿ ಸರಿ ಬೀಳಲ್ಲ."

ಚೀಲದಕ್ಕ ಚೀಲ ಇಳಿಸಿ, ನಾರಿನ ಕಟ್ಟು ಸೊಂಟಕ್ಕೆ ಸುತ್ತಿಕೊಂಡು ಎಳೆಯ ತುದಿ ಹಿಡಿದಳು. ರಾಟೆ ತಿರುಗಿತು. ಎಳೆ ಅವಳ ಬೆರಳಿನಲ್ಲಿ ಜೀವ ಬಂದ ಹಾಗೆ ತಿರುಚಿತು. ಒಂದು ಹೆಜ್ಜೆ ಹಿಂದೆ ಇಟ್ಟು, ಅಭ್ಯಾಸವಿಲ್ಲದೆ ತಿರುಗಿ ನೋಡಿದಳು.

"ಹಿಂದೆ ನೋಡಬೇಡಿ. ಎಳೆತ ಸಡಿಲಾಗುತ್ತೆ."

ಹತ್ತು ಹೆಜ್ಜೆ ಹೋದ ಮೇಲೆ ಚೀಲದಕ್ಕ ಹೇಳಿದಳು, "ಆವತ್ತು ಆ ಡಬ್ಬಿ ನಾನು ತಗೊಂಡು ಹೋಗಬಾರದಿತ್ತು."

ರಾಟೆ ನಿಲ್ಲಲಿಲ್ಲ. ಇನ್ನಷ್ಟು ಹೆಜ್ಜೆ ದೂರವಾದ ಮೇಲೆ ಹಗ್ಗದವಳು ಸ್ವಲ್ಪ ಗಟ್ಟಿಯಾಗಿ ಕೇಳಿದಳು.

"ಅದನ್ನ ಯಾರ ಮನೆಗೆ ಕೊಟ್ರಿ ಅಕ್ಕಾ?"

"ಕಮ್ಮಾರನ ಹೆಂಡತಿಗೆ."

"ಅವಳು ಚೆನ್ನಾಗಿದ್ದಾಳಾ?"

"ಚೆನ್ನಾಗಿದ್ದಾಳೆ."

"ಗಂಡ?"

"ಅವನೂ."

"ಹಂಗಾದ್ರೆ ಸರಿ ಬಿಡಿ" ಎಂದಳು ಅವಳು. "ಬಿಗಿ ಹಿಡೀರಿ, ಎಳೆ ಜೋಲು ಬೀಳ್ತಿದೆ."

ಚೀಲದಕ್ಕ ಎರಡೂ ಕೈಯಲ್ಲಿ ಬಿಗಿ ಹಿಡಿದಳು. ಕಣ್ಣು ತುಂಬಿ ರಾಟೆಯೂ ಅದರ ಹಿಂದಿನವಳೂ ಕಲಸಿಹೋದರು. ಒರೆಸಿಕೊಳ್ಳಲು ಕೈ ಬಿಡುವ ಹಾಗಿರಲಿಲ್ಲ.