ಮೊದಲು ಹಣ್ಣು ಬಿಡಿಸಿ, ಆಮೇಲೆ ಔಷಧಿ

ಟೊಮೆಟೊಗೆ ಹುಳ ಬಿದ್ದಿತ್ತು. ತೊಟ್ಟಿನ ಪಕ್ಕದಲ್ಲಿ ಸಣ್ಣ ತೂತು, ಕತ್ತರಿಸಿದರೆ ಒಳಗೆ ಹಾಯಾಗಿ ಮಲಗಿರುವ ಹಸಿರು ಹುಳ. ಬೆಳೆದವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಕೇರಿಯವರೆಲ್ಲ ದೊಡ್ಡಪ್ಪ ಎಂದೇ ಕರೆಯುವ ರೈತ ಅವತ್ತು ಬೆಳಿಗ್ಗೆ ಬೆನ್ನಿಗೆ ಪಂಪು ಏರಿಸಿ ಹೊಲದ ಮೇಲಿನ ತುಂಡಿಗೆಲ್ಲ ಔಷಧಿ ಹೊಡೆದಿದ್ದ. ಸಂಜೆ ಅಂಗಳದಲ್ಲಿ ಕೂತು ಖಾಲಿ ಕ್ರೇಟುಗಳನ್ನು ಒರೆಸುತ್ತಿದ್ದ. ಮಾರ್ಕೆಟ್ಟಿನಲ್ಲಿ ಒಳ್ಳೆಯ ಬೆಲೆ ಇತ್ತು. ನಾಳೆ ಬೆಳಿಗ್ಗೆಯೇ ಬಾ ಎಂದು ಗಾಡಿಯವನಿಗೆ ಹೇಳಿಯೂ ಆಗಿತ್ತು.

ಪಕ್ಕದ ಮನೆಯಾಕೆ ಸಸಿ ಬೆಳೆಸಿ ಮಾರುತ್ತಿದ್ದಳು. ಎಲ್ಲರಿಗೂ ಅವಳು ಸಸಿ ಅಕ್ಕ. ಕೊಟ್ಟಿದ್ದ ಏಣಿ ವಾಪಸ್ ಕೇಳಲು ಬಂದವಳು ಮೂಗು ಮುಚ್ಚಿಕೊಂಡೇ ನಿಂತಳು.

"ಏನ್ ದೊಡ್ಡಪ್ಪಾ, ನಾಳೆ ಬಿಡಿಸೋ ಹಣ್ಣಿಗೆ ಇವತ್ತು ಹೊಡೆದ್ರಾ?"

"ಹೊಡೀದೆ ಇನ್ನೇನು, ಹುಳಕ್ಕೆ ಹಾಸಿಗೆ ಹಾಸಿಕೊಡ್ಲಾ?"

"ನಂಗೂ ಇದನ್ನೇ ಅಂದ್ರು," ಎಂದು ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ದೊಡ್ಡಮ್ಮ ನಕ್ಕಳು. "ಬಾಯಲ್ಲಿ ಇವರನ್ನ ಗೆದ್ದೋರಿಲ್ಲ. ಕೂತ್ಕೋ ನೀನು."

ಸಸಿ ಅಕ್ಕ ಕೂತಳು. "ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅಂತ ಡಬ್ಬಿ ಮೇಲೆ ಬರೆದಿರುತ್ತೆ. ನೋಡಿದ್ರಾ?"

"ಆ ಇರುವೆ ಸಾಲಿನಂಥ ಅಕ್ಷರ ಓದ್ತಾ ಕೂತ್ರೆ ಹಣ್ಣು ಕೊಳೆತೇ ಹೋಗುತ್ತೆ. ಇಷ್ಟು ವರ್ಷ ಹೀಗೇ ಮಾಡಿದೀನಿ. ಯಾರಿಗೆ ಏನಾಯ್ತು?"

"ಸರಿ ಬಿಡಿ. ಮನೆ ಅಡುಗೆಗೆ ಯಾವ ಟೊಮೆಟೊ ತರ್ತೀರಿ?"

ದೊಡ್ಡಪ್ಪನ ಕೈ ನಿಂತಿತು. ಬಾವಿಯ ಪಕ್ಕದ ಎರಡು ಸಾಲು ಮನೆಗೆಂದೇ ಮೀಸಲು. ಅದಕ್ಕೆ ಅವನು ಒಂದು ಹನಿ ಔಷಧಿಯನ್ನೂ ಸೋಕಿಸುತ್ತಿರಲಿಲ್ಲ. ಹುಳ ತಿಂದ ಭಾಗ ಕತ್ತರಿಸಿ ಬಿಸಾಡಿ, ಉಳಿದದ್ದನ್ನು ದೊಡ್ಡಮ್ಮ ಬಳಸುತ್ತಿದ್ದಳು.

"ಅದು... ಅದು ಬೇರೆ."

"ಬೇರೆ ಅಂತ ನಿಮಗೇ ಗೊತ್ತಿದೆಯಲ್ಲ. ನಾನಿನ್ನೇನು ಹೇಳ್ಲಿ?"

"ಪೇಟೆಯವರು ತೊಳ್ಕೊಂಡು ತಿಂತಾರಮ್ಮ!"

ಅಷ್ಟರಲ್ಲಿ ಫೋನ್ ಬಂತು. ಪೇಟೆಗೆ ಮದುವೆಯಾಗಿ ಹೋದ ಮಗಳು. ದೊಡ್ಡಪ್ಪನ ಕೈಯೆಲ್ಲ ಧೂಳಾಗಿದ್ದರಿಂದ ದೊಡ್ಡಮ್ಮ ಸ್ಪೀಕರ್ ಹಾಕಿ ಹಿಡಿದಳು.

"ಅಪ್ಪಾ, ಇವತ್ತು ಮಾರ್ಕೆಟ್ಟಲ್ಲಿ ಯಾರ ಟೊಮೆಟೊ ತಗೊಂಡೆ ಹೇಳು? ನಿಂದೇ! ಕ್ರೇಟ್ ಮೇಲೆ ನೀನು ಬಳಿಯೋ ಹಳದಿ ಪಟ್ಟೆ ಇತ್ತು. 'ತಾತನ ಹಣ್ಣು' ಅಂದಿದ್ದೇ ತಡ, ನಿನ್ನ ಮೊಮ್ಮಗಳು ಚೀಲಕ್ಕೆ ಕೈ ಹಾಕಿ ಕಚ್ಚೇಬಿಟ್ಲು. ಮುಖ, ಅಂಗಿ ಎಲ್ಲ ಕೆಂಪು!"

ಅದು ನಿನ್ನೆ ಹೊಲದ ಕೆಳಗಿನ ತುಂಡಿನಿಂದ ಕಳಿಸಿದ ಹಣ್ಣು. ಅದಕ್ಕೂ ಮೊನ್ನೆಯಷ್ಟೇ ಔಷಧಿ ಹೊಡೆದಿದ್ದ.

"ಮಗಳೇ, ಮಗು ಬಾಯಿ ತೊಳೆಸು. ಕೈನೂ ತೊಳಿ. ಉಳಿದಿದ್ದು ಕೊಡಬೇಡ. ಔಷಧಿ ಹೊಡೆದು ಮಾರನೇ ದಿನವೇ ಬಿಡಿಸಿದ್ದು ಅದು."

"ವಾಂತಿಗೀಂತಿ ಆದ್ರೆ ಕಾಯ್ತಾ ಕೂರಬೇಡ, ಡಾಕ್ಟರ ಹತ್ರ ಹೋಗಿ ಹೀಗೀಗೆ ಅಂತ ಹೇಳು," ಎಂದಳು ಸಸಿ ಅಕ್ಕ.

ಆ ಕಡೆ ಮಗಳು ನಲ್ಲಿ ತಿರುಗಿಸಿದ ಸದ್ದಾಯಿತು. ಹಿಂದೆ ಮಗು ನಗುತ್ತಿರುವುದು ಕೇಳುತ್ತಿತ್ತು.

"ನಮಗೆ ಕಳಿಸೋ ಹಣ್ಣಿಗೂ ಹೊಡೀತೀಯಾ ಅಪ್ಪಾ?"

"ಇಲ್ಲಮ್ಮ. ನಿಮಗೆ ಬಾವಿ ಪಕ್ಕದ್ದು. ಇದು ಮಾರ್ಕೆಟ್ಟಿಂದು."

"ಮಾರ್ಕೆಟ್ಟಲ್ಲಿ ತಗೊಳ್ಳೋರೂ ನಮ್ಮಂಥೋರೇ ಅಲ್ವಾ," ಎಂದಳು ಅವಳು ಮೆಲ್ಲಗೆ. "ಇವಳು ಚೆನ್ನಾಗಿದಾಳೆ, ಕುಣೀತಿದಾಳೆ. ನೋಡ್ಕೋತೀನಿ ಬಿಡು."

ಫೋನ್ ಇಟ್ಟ ಮೇಲೆ ದೊಡ್ಡಪ್ಪ ಕೇಳಿದ. "ತೊಳೆದ್ರೆ ಹೋಗಲ್ವಾ?"

"ಮೇಲಿದ್ದದ್ದು ಸ್ವಲ್ಪ ಹೋಗುತ್ತೆ. ಒಳಗಿಳಿದಿದ್ದು ಹೋಗಲ್ಲ. ಅದು ತಾನಾಗೇ ಕಡಿಮೆ ಆಗ್ಬೇಕು, ಅದಕ್ಕೇ ಕಾಯಬೇಕು ಅನ್ನೋದು."

"ಕಾದ್ರೆ ಹುಳ ಬಿಡುತ್ತಾ? ಹಣ್ಣು ಉಳಿಯುತ್ತಾ?"

"ಪೂರ್ತಿ ಕೆಂಪಾಗಿರೋದು ಒಂದಿಷ್ಟು ಹೋಗುತ್ತೆ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಇನ್ಮೇಲೆ ಕೆಲಸ ತಿರುಗಿಸಿ ಮಾಡಿ. ಮೊದಲು ಬಣ್ಣ ತಿರುಗಿದ ಹಣ್ಣೆಲ್ಲ ಬಿಡಿಸಿ ನೆರಳಿಗೆ ಹಾಕಿ. ಹುಳ ಕೊರೆದದ್ದನ್ನ ಹೊಲದಲ್ಲೇ ಬಿಡದೆ ಆಳವಾಗಿ ಹೂತುಬಿಡಿ. ಆಮೇಲೂ ಬೇಕೇ ಬೇಕು ಅಂದ್ರೆ ಹೊಡೀರಿ. ಗಿಡದಲ್ಲಿ ಉಳಿಯೋದು ಕಾಯಿ ತಾನೇ? ಅದು ಬಲಿಯೋ ಹೊತ್ತಿಗೆ ನೀವು ಕಾಯೋದೂ ಮುಗಿಯುತ್ತೆ. ಹೊಡೆದ ಮೇಲೆ ಬೇಗ ಕೊಯ್ಯಬಹುದಾದಂಥ ಔಷಧಿ ಯಾವುದು ಅಂತ ಕೃಷಿ ಇಲಾಖೆಯವರನ್ನ ಕೇಳಿ."

ದೊಡ್ಡಮ್ಮ ತನ್ನ ಕನ್ನಡಕ ತಂದು ಗಂಡನ ಮೂಗಿಗೇರಿಸಿದಳು. ಅವನು ಡಬ್ಬಿಯನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ಓದಿದ. ಆಮೇಲೆ ಗಾಡಿಯವನಿಗೆ ಫೋನ್ ಮಾಡಿದ.

"ನಾಳೆ ಬರಬೇಡಪ್ಪ. ಹಣ್ಣು ಕೊಡಲ್ಲ."

"ಇಷ್ಟು ರೇಟಿರೋವಾಗ? ನಿದ್ದೆಗಣ್ಣಲ್ಲಿ ಮಾತಾಡ್ತಿದೀರಾ ದೊಡ್ಡಪ್ಪಾ?"

"ಇಲ್ಲಪ್ಪ," ಎಂದ ದೊಡ್ಡಪ್ಪ. "ಈಗಷ್ಟೇ ಎದ್ದಿದೀನಿ."

ಟೊಮೆಟೊ ಬೆಳೆಯುವ ಅಣ್ಣಂದಿರೇ, ಅಕ್ಕಂದಿರೇ, ಗಾಡಿ ಹತ್ತಿದ ಹಣ್ಣು ಯಾರ ಮನೆ ಸೇರುತ್ತದೆ ಎಂದು ನಮಗೆ ಗೊತ್ತಾಗುವುದಿಲ್ಲ. ಯಾವ ಮನೆಗೆ ಹೋದರೂ ಅಲ್ಲಿ ಒಂದು ಮಗು ಇರಬಹುದು, ತೊಳೆಯುವ ಮೊದಲೇ ಕಚ್ಚಬಹುದು. ಔಷಧಿ ಹೊಡೆಯುವ ಮುಂಚೆ ಡಬ್ಬಿ ಓದಿ, ಓದಲು ಬಾರದಿದ್ದರೆ ಓದಿಸಿ. ಅದರಲ್ಲಿ ಹೇಳಿದಷ್ಟು ದಿನ ಕಾಯಿರಿ. ನಿಮ್ಮ ಮಗುವಿನ ಕೈಗೆ ಧೈರ್ಯವಾಗಿ ಕೊಡಬಲ್ಲ ಹಣ್ಣನ್ನೇ ಕ್ರೇಟಿಗೆ ತುಂಬಿ.