ಏಳು ಮಿಲಿಮೀಟರ್

ಬೀಗಕ್ಕೆ ಎಣ್ಣೆ ಹಚ್ಚಿದ್ದಾರೆ, ಬಿಸಿಲು ಬಿದ್ದು ಹೊಳೀತಿದೆ, ತೆಗೆಯುವ ಉದ್ದೇಶವೇ ಇಲ್ಲದ ಬೀಗಕ್ಕೆ ಎಣ್ಣೆ ಯಾಕೋ — ಈ ಅಳತೆ ಕೋಣೆಯ ಕಿಟಕಿಗೆ ನೇರ ಎದುರಿಗಿರುವುದು ಅಡುಗೆಮನೆಯ ಬಾಗಿಲೇ, ಕುರ್ಚಿ ಆಚೆ ತಿರುಗಿಸಿ ಕೂತರೆ ಗೋಡೆ ಗಡಿಯಾರದ ಗಾಜಿನಲ್ಲಿ ಮತ್ತೆ ಅದೇ ಬಾಗಿಲು, ಮೂರೂ ಹತ್ತು, ಐದಕ್ಕೆ ಮುಗಿಯಿತು, ಐದು ಗಂಟೆಯ ನಂತರ ಬಂದ ತಿದ್ದುಪಡಿಗಳನ್ನು ಪರಿಗಣಿಸಲಾಗುವುದಿಲ್ಲ ಅಂತ ಸುತ್ತೋಲೆಯಲ್ಲಿ ದಪ್ಪಕ್ಷರ, ಹತ್ತು ದಿನ ಕೊಟ್ಟಿದ್ದರು, ಒಂಬತ್ತು ದಿನ ನಾನು ತಿದ್ದುಪಡಿಯ ಖಾಲಿ ನಮೂನೆಯನ್ನು ಈ ಫೈಲಿನಿಂದ ಆ ಫೈಲಿಗೆ ಎತ್ತಿಟ್ಟುಕೊಂಡು ಕಳೆದೆ. ಹೋದ ವಾರ ಈ ಹೊತ್ತಿಗೆ ಅಲ್ಲಿ ಪಾತ್ರೆ ತೊಳೆಯುವ ಸದ್ದು, ಬೇಯಿಸಿದ ಕಾಳಿನ ವಾಸನೆ, ಮೊಟ್ಟೆ ಸಿಪ್ಪೆ ಒಂದು ಬಕೆಟ್ಟು. ಬೆಳಿಗ್ಗೆ ಹೊಲಿಗೆಯವಳು ಬಂದಿದ್ದಳು, ಸೊಂಟದ ಮೇಲೆ ಮಗಳು, ಕೈಯಲ್ಲಿ ಮುಚ್ಚಳದ ಬಟ್ಟಲು, ಎರಡು ಬೀದಿ ನಡೆದು ಬಂದಿದ್ದಾಳೆ, ಏನ್ರೀ ಇದು, ಇನ್ನೂ ಬೀಗ ತೆಗೆದಿಲ್ವಲ್ಲ, ನಮ್ಮವಳೇನು ರಾತ್ರೋರಾತ್ರಿ ಉದ್ದ ಆಗ್ಬಿಟ್ಳಾ? ಮೇಲಿಂದ ಆದೇಶ ಕಣ್ರೀ ಅಂದೆ. ಮೇಲಿಂದ ಅಂದ್ರೆ ಎಷ್ಟು ಮೇಲಿಂದ, ಏಣಿ ಹಾಕಿದ್ರೆ ಸಿಗ್ತಾರಾ? ನಗು ಬಂತು, ನಕ್ಕೆ, ಅವಳೂ ನಕ್ಕಳು, ಆಮೇಲೆ ಬಟ್ಟಲಿನ ಮುಚ್ಚಳ ತೆಗೆದು ಒಳಗೆ ನೋಡಿದಳು, ತಾನೇ ತಂದ ಖಾಲಿ ಬಟ್ಟಲು, ಏನು ನೋಡಿದಳೋ, ಮುಚ್ಚಿಕೊಂಡು ಹೋದಳು.

ಹತ್ತು, ಎಲ್ಲ ನಿಂತಿರುವುದು ಆ ಹತ್ತರ ಮೇಲೆ, ರಾಷ್ಟ್ರೀಯ ಪೋಷಣಾ ನೀತಿಯ ಹೊಸ ಹಂತ, ಇರುವ ಕಾಳು ಮೊಟ್ಟೆ ಹಾಲನ್ನು ದೇಶಕ್ಕೆಲ್ಲ ಚೂರುಚೂರು ಹಂಚುವ ಬದಲು ಬೆಳವಣಿಗೆ ಕುಂಠಿತವಾದ ಮಕ್ಕಳು ಹೆಚ್ಚಿರುವ ಕಡೆ ತುಂಬಿಸಿ ಕಳಿಸುವುದು, ವಯಸ್ಸಿಗೆ ತಕ್ಕ ಎತ್ತರದ ಗೆರೆಯ ಕೆಳಗೆ ಬಿದ್ದ ಮಗುವಿಗೊಂದು ಕೆಂಪು ಚುಕ್ಕೆ, ಹತ್ತು ಚುಕ್ಕೆ ಇದ್ದ ಕೇಂದ್ರಕ್ಕೆ ಅಡುಗೆಮನೆ, ಒಂದು ಕಮ್ಮಿಯಾದರೂ ಇಲ್ಲ — ಕಾಗದದ ಮೇಲೆ ಓದಿದರೆ ಹುಳುಕು ಹುಡುಕಲಾಗುವುದಿಲ್ಲ, ಸಭೆಯಲ್ಲಿ ನಾನೂ ತಲೆಯಾಡಿಸಿದವಳೇ, ಸರಿ ತಾನೇ, ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕಲ್ಲ. ನಮ್ಮದು ಒಂಬತ್ತು ಬಂತು. ಅಭಿನಂದನಾ ಪತ್ರವೂ ಬಂತು, ಕುಂಠಿತ ಬೆಳವಣಿಗೆ ತಗ್ಗಿಸಿದ ಕೇಂದ್ರ ಅಂತ, ಮೇಲ್ವಿಚಾರಕರು ಅದಕ್ಕೆ ಚೌಕಟ್ಟು ಹಾಕಿಸಿ ತೂಕದ ಯಂತ್ರದ ಮೇಲುಗಡೆ ನೇತುಹಾಕಿದರು, ಪತ್ರ ಬಂದ ಮೂರನೇ ದಿನ ಲಾರಿ ಬಂದು ದೊಡ್ಡ ಪಾತ್ರೆಗಳನ್ನೂ ಒಲೆಯನ್ನೂ ಹೊತ್ತುಕೊಂಡು ಹೋಯಿತು, ಒಂಬತ್ತು ಮಕ್ಕಳು, ಕಣ್ಣು ಮುಚ್ಚಿ ಹೇಳಬಲ್ಲೆ ಯಾರ್ಯಾರ ಮೊಣಕಾಲು ಹೇಗಿದೆ ಅಂತ, ಹೊಲಿಗೆಯವಳ ಮಗಳದು ಚಳಿಗೆ ಒಡೆದಿರುತ್ತದೆ, ಬಾಗಿಲು ಕಾಯುವವನ ಅವಳಿಗಳದು ಎರಡೂ ಒಳಕ್ಕೆ ತಿರುಗಿವೆ — ಒಂಬತ್ತೇ ಮಕ್ಕಳು ಅಂತ ದೇಶಕ್ಕೆ ಗೊತ್ತು, ಹತ್ತನೆಯದು ನಮ್ಮ ಮನೆಯಲ್ಲಿ ಚಹಾದಲ್ಲಿ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಾ ಕೂತಿದೆ ಅಂತ ಗೊತ್ತಿರುವುದು ನನಗೆ, ಮತ್ತೆ ಹಿಮ್ಮಡಿ ಅಕ್ಕನಿಗೆ.

ಹಿಮ್ಮಡಿ ಅಕ್ಕ ಅಂತ ಹೆಸರಿಟ್ಟವಳು ನಾನೇ, ಇಪ್ಪತ್ತೆರಡು ವರ್ಷದಿಂದ ಮಕ್ಕಳ ಹಿಮ್ಮಡಿ ಹಿಡಿಯುವುದೇ ಅವಳ ಕೆಲಸ, ಒಬ್ಬರು ತಲೆಯ ಕಡೆ ಒಬ್ಬರು ಕಾಲ ಕಡೆ, ಒಬ್ಬರೇ ಅಳೆಯುವ ಹಾಗಿಲ್ಲ, ನಿಮಗೇನಮ್ಮ ಮಕ್ಕಳ ಮುಖ ನೋಡ್ತೀರಿ, ನಂಗೆ ಅರ್ಧ ದೇಶದ ಕಾಲ್ಬೆರಳು ಗೊತ್ತು ಅಂತ ಹೇಳುತ್ತಿರುತ್ತಾಳೆ. ಮೂರು ತಿಂಗಳ ಹಿಂದೆ, ಎಣಿಕೆಯ ವಾರದ ಕೊನೆಯ ದಿನ, ಊರಿನ ಮಕ್ಕಳೆಲ್ಲ ಮುಗಿದು ನನ್ನ ಮಗಳು ಉಳಿದಿದ್ದಳು, ಎರಡು ವರ್ಷ ಒಂಬತ್ತು ದಿನ, ಎರಡು ತುಂಬುವವರೆಗೆ ಮಲಗಿಸಿ ಅಳೆಯಬೇಕು, ತುಂಬಿದ ಮೇಲೆ ನಿಲ್ಲಿಸಿ, ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರಿಗೆ ಮೊದಲನೇ ದಿನ ನಾನು ಹೇಳಿಕೊಡುವುದೇ ಇದು, ಯಾಕೆಂದರೆ ಮಲಗಿದ ದೇಹ ಏಳು ಮಿಲಿಮೀಟರ್ ಉದ್ದ, ಬೆನ್ನಿನ ಮೇಲಿನ ಭಾರ ಇಳಿದಿರುತ್ತದೆ, ಅಷ್ಟೇ, ಮಲಗಿಸಿ ಅಳೆದರೆ ಏಳು ಕಳೆದು ಬರೀರಿ, ಮರೀಬೇಡಿ — ನನ್ನನ್ನು ಯಾರಾದರೂ ಒಂದು ವಾರ ಮಲಗಲು ಬಿಟ್ಟರೆ ನಾನೂ ಎಷ್ಟು ಉದ್ದ ಆಗುತ್ತೇನೋ. ಅಳತೆ ಹಲಗೆಗೆ ಆನಿಸಿ ನಿಲ್ಲಿಸಿದೆ, ನೆತ್ತಿಗೆ ತಾಗಿಸುವ ತಲೆಪಟ್ಟಿ ಇನ್ನೂ ಇಳಿಸಿಯೇ ಇರಲಿಲ್ಲ, ಕಣ್ಣಳತೆಯಲ್ಲೇ ತಿಳಿಯಿತು, ಹದಿನಾಲ್ಕು ವರ್ಷದ ಕಣ್ಣು, ಗೆರೆ ಎಪ್ಪತ್ತೊಂಬತ್ತು ಪಾಯಿಂಟ್ ಮೂರು ಸೆಂಟಿಮೀಟರ್, ಇವಳು ಮುಟ್ಟುವುದಿಲ್ಲ. ಎತ್ತಿ ಮಲಗಿಸಿದೆ. ಅಳ್ತಾಳಾ, ಅದಕ್ಕೆ ಮಲಗಿಸ್ತಿದೀಯಾ ಅಂದಳು ಹಿಮ್ಮಡಿ ಅಕ್ಕ. ಹ್ಞೂಂ ಅಂದೆ. ಅಳುತ್ತಿರಲಿಲ್ಲ. ಅವಳು ಮಗುವಿನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಮೊಣಕಾಲು ಒತ್ತಿ ಹಿಡಿದಳು, ಎಪ್ಪತ್ತೊಂಬತ್ತು ಪಾಯಿಂಟ್ ಎಂಟು, ಹಾಗೇ ಬರೆದೆ, ಏಳು ಕಳೆಯಲಿಲ್ಲ, ಅಳತೆ ತೆಗೆದವರ ಸಹಿ, ಪೋಷಕರ ಸಹಿ, ಎರಡೂ ಕಡೆ ಒಂದೇ ಸಹಿ ಹಾಕಿದೆ, ಚುಕ್ಕೆ ಹಸಿರು.

ಅಡುಗೆಮನೆ ಹೋಗುತ್ತದೆ ಅಂತ ಆವಾಗ ಯಾರಿಗೂ ಗೊತ್ತಿರಲಿಲ್ಲ, ಹತ್ತು ಅನ್ನುವ ಮಾತೇ ಹುಟ್ಟಿರಲಿಲ್ಲ, ನಿಜ, ದೇವರಾಣೆ ನಿಜ, ಆದರೆ ಈ ನಿಜವನ್ನು ಇಟ್ಟುಕೊಂಡು ಏನು ಮಾಡಲಿ. ಮರ್ಯಾದೆ, ಇನ್ನೇನಲ್ಲ — ಅಳೆಯುವವಳ ಮಗುವೇ ಕೆಂಪು ಅಂದರೆ ನಾಳೆ ಯಾರ ಮನೆ ಬಾಗಿಲಲ್ಲಿ ನಿಂತು ಏನು ಹೇಳಲಿ, ಮೊದಲ ಎರಡು ವರ್ಷ ಹೋದರೆ ಮತ್ತೆ ಬರೋದಿಲ್ಲಮ್ಮ, ದಿನಕ್ಕೆ ಐದು ಸಲ ತಿನ್ನಿಸಿ, ಎದೆಹಾಲು ಬಿಡಿಸಬೇಡಿ, ಬಾಯಿಪಾಠ ಆಗಿದೆ, ನಿದ್ದೆಗಣ್ಣಲ್ಲೂ ಹೇಳುತ್ತೇನಂತೆ, ನಮ್ಮನೆಯವರು ನಗುತ್ತಾರೆ, ಭಾಷಣ ಶುರುವಾಯ್ತು ನೋಡು ಅಂತ. ನಾನು ಬಿಡಿಸಿದ್ದು ನಾಲ್ಕನೇ ತಿಂಗಳಿಗೆ, ಸಮೀಕ್ಷೆ ಅಂತ ನದಿಯಾಚೆ ಹಾಕಿದರು, ಬೆಳಿಗ್ಗೆ ಆರಕ್ಕೆ ಹೊರಟರೆ ಕತ್ತಲಾದ ಮೇಲೆ ಮನೆ, ಯಾರದೋ ಮನೆಯ ಹಿತ್ತಲಲ್ಲಿ ಗೋಡೆಗೆ ತಿರುಗಿ ನಿಂತು ಹಾಲು ಹಿಂಡಿ ನೆಲಕ್ಕೆ ಬಿಡುತ್ತಿದ್ದೆ, ಇರುವೆ ಬರುತ್ತಿದ್ದವು, ಮತ್ತೆ ರವಿಕೆ ಸರಿಮಾಡಿಕೊಂಡು ಒಳಗೆ ಹೋಗಿ ಹೇಳುತ್ತಿದ್ದೆ, ಎದೆಹಾಲು ಬಿಡಿಸಬೇಡಿ. ಮನೆಯಲ್ಲಿ ಅತ್ತೆ ನೋಡಿಕೊಳ್ಳುತ್ತಾರೆ, ಮಂಡಿನೋವು, ಒಲೆ ಮುಂದೆ ಹೆಚ್ಚು ಹೊತ್ತು ನಿಲ್ಲಲಾರರು, ಮಗು ಕೇಳಿದರೆ ಚಹಾ, ಅತ್ತರೆ ಬಿಸ್ಕತ್ತು, ಅವರನ್ನು ಏನನ್ನಲಿ, ನಾನಿಲ್ಲದ ಹೊತ್ತಿನಲ್ಲಿ ಇರುವವರು ಅವರೊಬ್ಬರೇ. ನಮ್ಮ ಕಡೆಯವರೆಲ್ಲ ಕುಳ್ಳರೇ ಕಣೆ, ನಿನ್ನ ಗಂಡನ್ನೇ ನೋಡು, ಬಸ್ಸಲ್ಲಿ ಮೇಲಿನ ಕಂಬಿ ಸಿಗಲ್ಲ ಅವನಿಗೆ, ಮೆಣಸಿನಕಾಳು ದಪ್ಪ ಇದ್ರೆ ಮಾತ್ರ ಖಾರವಾ? — ಹಾಗೆ ಬಂತು ಮಗಳಿಗೆ ಮೆಣಸು ಅನ್ನುವ ಹೆಸರು, ನನಗೂ ಹಿತವಾಗಿತ್ತು, ಮುದ್ದಿನ ಹೆಸರೊಂದು ಸಿಕ್ಕಿದ ಮೇಲೆ ಅಂಗಿ ಒಂದು ವರ್ಷದಿಂದ ಅದೇ ಯಾಕೆ ಸರಿಹೋಗುತ್ತಿದೆ ಅಂತ ಕೇಳಬೇಕಾಗಲಿಲ್ಲ. ಅದೇ ಮಾತನ್ನು ಬೇರೆ ಅಜ್ಜಿಯರು ಹೇಳಿದರೆ ನಾನು ಬೆಳವಣಿಗೆಯ ಪಟ ಬಿಚ್ಚಿ ತೋರಿಸುತ್ತೇನೆ, ಇಲ್ಲ ಅಜ್ಜಿ, ಐದು ವರ್ಷದೊಳಗೆ ಎಲ್ಲಾ ಕಡೆಯ ಮಕ್ಕಳೂ ಒಂದೇ ಥರ ಬೆಳೀತಾರೆ, ಹೊಟ್ಟೆ ತುಂಬಿದ್ರೆ.

ನಾಲ್ಕಾಯಿತು. ಅತ್ತೆ ಬರುತ್ತಿದ್ದಾರೆ, ಅಂಗಳದಲ್ಲಿ ಮಂಡಿ ಹಿಡಿದುಕೊಂಡು ಒಂದೊಂದೇ ಹೆಜ್ಜೆ, ಬೆರಳು ಹಿಡಿದ ಮೆಣಸು, ಮಧ್ಯಾಹ್ನ ಫೋನ್ ಮಾಡಿ ಕರೆಸಿದವಳು ನಾನೇ. ಏನೇ ಇಷ್ಟು ಅರ್ಜೆಂಟು, ಮೊನ್ನೆ ತಾನೇ ಅಳೆದ್ಯಲ್ಲ, ಸೊಪ್ಪಿನ ಗಿಡವಾ ದಿನಾ ಬೆಳೆಯೋಕೆ? ಹಿಮ್ಮಡಿ ಅಕ್ಕ ಎದ್ದು ಹಲಗೆ ಒರೆಸಿದಳು, ಅವಳಿಗೆ ನಾನೇನೂ ಹೇಳಿರಲಿಲ್ಲ. ಚಪ್ಪಲಿ ತೆಗಿ ಚಿನ್ನ, ಹಿಂಗೆ ನಿಂತ್ಕೋ, ಹಿಮ್ಮಡಿ ತಾಗಬೇಕು, ಬೆನ್ನು ತಾಗಬೇಕು, ಅಮ್ಮನ್ನ ನೋಡು, ಅಮ್ಮ ಆಯ್ತು ಅನ್ನೋವರೆಗೂ ಅಲ್ಲಾಡಬಾರದು — ಅಲ್ಲಾಡಲ್ಲ ಅಂದಳು, ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡಳು, ಉಸಿರು ಬಿಡುವುದೂ ಅಲ್ಲಾಡಿದ ಹಾಗೆ ಅಂದುಕೊಂಡಳೋ ಏನೋ. ತಲೆಪಟ್ಟಿ ಇಳಿಸುತ್ತೇನೆ, ಕೂದಲು ಒತ್ತಬೇಕು, ಒತ್ತಿದೆ, ಕೂದಲೂ ತೆಳ್ಳಗೆ, ಎಂಬತ್ತು ಪಾಯಿಂಟ್ ಎರಡು, ಓದು ಗಟ್ಟಿಯಾಗಿ ಅಂದಳು ಹಿಮ್ಮಡಿ ಅಕ್ಕ, ನಿಯಮ, ತಲೆಯ ಕಡೆಯವಳು ಗಟ್ಟಿಯಾಗಿ ಓದಬೇಕು, ಎಂಬತ್ತು ಪಾಯಿಂಟ್ ಎರಡು ಅಂದೆ, ಎರಡು ವರ್ಷ ಮೂರು ತಿಂಗಳಿಗೆ ಗೆರೆ ಎಂಬತ್ತೊಂದೂವರೆ. ಗೆರೆ ಮುಂದೆ ಹೋಗಿದೆ, ಇವಳು ಹಿಂದೆ ಉಳಿದಿದ್ದಾಳೆ, ಮೂರು ತಿಂಗಳಲ್ಲಿ ಅಂತರ ಹೆಚ್ಚಾಗಿದೆ, ಆ ಮೂರು ತಿಂಗಳೂ ಇದೇ ಅಂಗಳದಾಚೆ ಕೆಂಪು ಚುಕ್ಕೆಯ ಮಕ್ಕಳಿಗೆ ಅಂತ ಬೇಯುತ್ತಿದ್ದ ಕಾಳು, ಮೊಟ್ಟೆ, ಇವಳಿಗೂ ಸಲ್ಲಬೇಕಾಗಿತ್ತು, ದಿನಕ್ಕೆ ಒಂದು ಮೊಟ್ಟೆ ಅಂದರೆ ತೊಂಬತ್ತು ಮೊಟ್ಟೆ, ನಾನು ಹಸಿರು ಚುಕ್ಕೆ ಇಟ್ಟು ಅವಳ ಬಾಯಿಂದ ಕಿತ್ತುಕೊಂಡ ತೊಂಬತ್ತು ಮೊಟ್ಟೆ.

ತಿದ್ದುಪಡಿಯ ನಮೂನೆ ಒಂದೇ ಪುಟ. ಹಳೆಯ ಅಳತೆ, ಹೊಸ ಅಳತೆ, ವ್ಯತ್ಯಾಸಕ್ಕೆ ಕಾರಣ, ಎರಡರಲ್ಲಿ ಒಂದಕ್ಕೆ ಗುರುತು ಹಾಕಿ, ಮಗು ಸಹಕರಿಸಲಿಲ್ಲ, ಅಳತೆ ತೆಗೆದವರ ತಪ್ಪು. ಹಿಮ್ಮಡಿ ಅಕ್ಕ ಬಗ್ಗಿ ನೋಡುತ್ತಾಳೆ, ದನಿ ಇಳಿಸುತ್ತಾಳೆ, ಮೊದಲನೇದಕ್ಕೆ ಹಾಕಮ್ಮ, ಎಲ್ಲಾರೂ ಅದಕ್ಕೇ ಹಾಕೋದು, ಮಗು ಏನು ಬಂದು ಸಾಕ್ಷಿ ಹೇಳತ್ತಾ? ಅದಕ್ಕೆ ಹಾಕಿದರೆ ಹೊಸ ಅಳತೆ ಮುಂದಿನ ಎಣಿಕೆಗೆ ಸೇರುತ್ತದೆ, ಆರು ತಿಂಗಳು, ಹೊಲಿಗೆಯವಳು ಆರು ತಿಂಗಳು ಬಟ್ಟಲು ಹಿಡಿದು ಬಂದು ಹೋಗಲಿ. ಎರಡನೆಯದಕ್ಕೆ ಹಾಕಿದರೆ ಹಳೆಯ ಎಣಿಕೆಯೇ ಬದಲಾಗುತ್ತದೆ, ಒಂಬತ್ತು ಹತ್ತಾಗುತ್ತದೆ, ಒಲೆ ವಾಪಸ್ಸು ಬರಬೇಕು, ಯಾವಾಗ ಬರುತ್ತದೋ, ಲಾರಿ ಹೋದಷ್ಟು ಬೇಗ ಬರುವುದಿಲ್ಲ, ಮತ್ತೆ ನನ್ನನ್ನು ಅಳತೆಯಿಂದ ತೆಗೆಯುತ್ತಾರೆ, ವಿಚಾರಣೆ, ಹದಿನಾಲ್ಕು ವರ್ಷದಲ್ಲಿ ನಾನು ತೆಗೆದ ಅಳತೆಗಳ ಮೇಲೆಲ್ಲ ಒಂದೊಂದು ಪ್ರಶ್ನೆ, ನೀನೂ ಅಲ್ಲೇ ಇದ್ಯಲ್ಲಕ್ಕಾ ಅಂದೆ, ಇದ್ದೆ, ಅಂದಳು, ನನ್ನ ಹೆಸರೂ ಬರೆಯೋದಾದ್ರೆ ಬರಿ, ಇನ್ನೆಷ್ಟು ದಿನ ಇದೆ ನಂದು — ಅಂದು ಕಿಟಕಿಯ ಕಡೆ ಮುಖ ತಿರುಗಿಸಿದಳು. ನಾಲ್ಕೂ ನಲವತ್ತು. ಮಗು ಸಹಕರಿಸಲಿಲ್ಲ, ಎಷ್ಟು ಚೆನ್ನಾಗಿ ಅಚ್ಚಾಗಿದೆ, ಎಷ್ಟು ಸಲೀಸು, ಮೂರು ತಿಂಗಳ ಹಿಂದೆ ನಿಲ್ಲು ಅಂದೆ, ನಿಂತಳು, ಮಲಗು ಅಂದೆ, ಮಲಗಿದಳು, ಚಹಾ ಕೊಟ್ಟರೆ ಚಹಾ ಕುಡಿದಳು, ಇದ್ದ ಅಂಗಿಯಲ್ಲೇ ಇದ್ದಳು, ಇದಕ್ಕಿಂತ ಸಹಕಾರ ಇನ್ನು ಯಾವ ಮಗು ಕೊಡಬೇಕು ಯಾರಿಗೆ. ಪೆನ್ನು ಎರಡನೇ ಚೌಕಕ್ಕೆ ಇಳಿಯಿತು, ಗುರುತು ಹಾಕಿದೆ, ಒತ್ತಿದ್ದಕ್ಕೆ ಕಾಗದ ಸ್ವಲ್ಪ ಹರಿಯಿತು, ಅಳತೆ ತೆಗೆದವರ ಸಹಿ, ಹಾಕಿದೆ, ಪೋಷಕರ ಸಹಿ, ಅಲ್ಲಿ ಕೈ ನಿಂತಿದೆ, ಅಕ್ಷರ ಬರುತ್ತಿಲ್ಲ, ಅತ್ತೆ ಏನೋ ಹೇಳುತ್ತಿದ್ದಾರೆ, ಮಗು ಇನ್ನೂ ಅಲ್ಲೇ ಇದೆಯಲ್ಲೇ — ತಲೆ ಎತ್ತಿದೆ, ಹಲಗೆಗೆ ಬೆನ್ನು ಆನಿಸಿ, ಎರಡೂ ಅಂಗೈ ತೊಡೆಗೆ ಒತ್ತಿ, ಕಾಲು ಸಣ್ಣಗೆ ನಡುಗುತ್ತಿದೆ, ಹಿಮ್ಮಡಿ ಹಿಡಿದವರು ಯಾರೂ ಇಲ್ಲ, ಅಲ್ಲಾಡುತ್ತಿಲ್ಲ, ನಾನು ಆಯ್ತು ಅಂದೇ ಇಲ್ಲ, ಇಷ್ಟು ಹೊತ್ತೂ ನಿಂತಿದ್ದಾಳೆ, ಬಾಯಿ ಮುಚ್ಚಿಕೊಂಡು, ಕಣ್ಣು ನನ್ನ ಮೇಲೆ ಇಟ್ಟು, ನಿಂತೇ ಇದ್ದಾಳೆ