ಹಂಪವ್ವನ ದಾರದ ಮೂವತ್ತು ಗಂಟು

ಊರಿಗೆ ವಾಂತಿಭೇದಿ ಬಂದು ಹೋದ ಮೇಲೆ ಏನಾಗುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಮಣ್ಣು ಕೊಟ್ಟು ಬಂದವರು ಕಟ್ಟೆಯ ಮೇಲೆ ಕೂತು, ಉಳಿದ ಮಕ್ಕಳನ್ನು ಯಾರು ನೋಡಿಕೊಳ್ಳಬೇಕು ಎಂದು ಮಾತಿಗೆ ತೊಡಗುತ್ತಾರೆ. ಚಿಕ್ಕಪ್ಪ ಅಂದರೆ ಅವನಿಗೇ ಆರು ಮಕ್ಕಳು. ಅಜ್ಜಿ ಅಂದರೆ ಅವಳಿಗೇ ಕಣ್ಣು ಕಾಣುವುದಿಲ್ಲ. ಕೊನೆಗೆ ಯಾರೋ ಒಬ್ಬರು ಬಂಡಿ ಹೂಡಿ, ಮಕ್ಕಳನ್ನು ತಂದು, ಕೊಪ್ಪಳದ ಅಂಚಿನಲ್ಲಿದ್ದ ನಮ್ಮ ಮಕ್ಕಳ ಮನೆಯ ಬಾಗಿಲಿಗೆ ಇಳಿಸಿ ಹೋಗುತ್ತಿದ್ದರು.

ನಾನು ಆ ಮನೆಯ ಗುಮಾಸ್ತ. ಹೆಸರು ಉಮಾಪತಿ. ಅಕ್ಷರ ಮುತ್ತಿನ ಹಾಗಿದೆ ಎಂದು ನನಗೆ ಆ ಕೆಲಸ ಸಿಕ್ಕಿತು. ಆ ಅಕ್ಷರದಿಂದ ನಾನು ಏನು ಮಾಡಿದೆ ಎಂಬುದೇ ಈ ಕಥೆ. ಇದರಲ್ಲಿ ನನ್ನ ಬಗ್ಗೆ ಒಳ್ಳೆಯ ಮಾತು ಹುಡುಕಬೇಡಿ.

ಮಕ್ಕಳನ್ನು ಎತ್ತಿ ಆಡಿಸಿ, ಉಣ್ಣಿಸಿ, ಮೀಯಿಸುವವಳು ಹೊಳಿಯಮ್ಮ. ಐವತ್ತು ದಾಟಿದ ಹೆಂಗಸು, ಮಾತು ಗಡಸು, ಕೈ ಮೆತ್ತಗೆ. ಮಕ್ಕಳೆಲ್ಲ ಅವಳನ್ನು ಆಯಿ ಎನ್ನುತ್ತಿದ್ದವು. ವರ್ಷ ಆರು ತಿಂಗಳು ಕಳೆದು, ಬಳಗದವರಲ್ಲಿ ಯಾರಾದರೂ ಮಗುವನ್ನು ಕರೆದೊಯ್ಯಲು ಬಂದರೆ ಹೊಳಿಯಮ್ಮ ಸುಮ್ಮನೆ ಕಳಿಸುತ್ತಿರಲಿಲ್ಲ. ಕಂಬಳಿ ಹಾಸಿ, ಬಂದ ಮನೆಯ ಹೆಂಗಸನ್ನು ಕೂಡಿಸಿ, ಕುಂಕುಮ ಹಚ್ಚಿ, ಅವಳ ಉಡಿಯಲ್ಲಿ ಅಕ್ಕಿ, ಒಣಕೊಬ್ಬರಿ ಹಾಕಿ, ಅದರ ಮೇಲೆ ಮಗುವನ್ನು ಕೂಡಿಸುತ್ತಿದ್ದಳು. ಉಡಿಗೆ ಹಾಕುವುದು ಎಂದರೆ ಇದು. ಹೆತ್ತವರಿಲ್ಲದ ಕೂಸು ಭಿಕ್ಷೆಯ ಹಾಗೆ ಹೋಗಬಾರದು, ಮಗಳು ಗಂಡನ ಮನೆಗೆ ಹೋದ ಹಾಗೆ ಹೋಗಬೇಕು ಎನ್ನುವುದು ಅವಳ ಹಟ. ಎಷ್ಟೋ ಸಲ ನನ್ನ ಕಣ್ಣು ತುಂಬಿದ್ದುಂಟು.

ಆದರೆ ಉಡಿಗೆ ಹಾಕಿದ ಮೇಲೆ ಆ ಮನೆಯ ಕಡೆ ನಾವು ತಲೆ ಹಾಕುತ್ತಿರಲಿಲ್ಲ. ಅವರಾಗಿ ಕರೆಯುವ ತನಕ ಹೋಗುವುದು, ಕೂಸನ್ನು ಹೇಗೆ ಇಟ್ಟುಕೊಂಡಿದ್ದೀರಿ ಎಂದು ಕೇಳುವುದು ಅಂದರೆ ಆ ಮನೆತನದ ಮುಖಕ್ಕೆ ಮಸಿ ಬಳಿದ ಹಾಗೆ. ಯಾರೂ ಕರೆಯುತ್ತಲೂ ಇರಲಿಲ್ಲ. ಹೋದ ಮಕ್ಕಳು ಸುಖವಾಗಿದ್ದಾರೆ ಎಂದು ನಾವು ನಂಬಿದ್ದೆವು. ನಂಬಿಕೊಂಡಿದ್ದರೆ ನಡಿಗೆ ಉಳಿಯುತ್ತದೆ, ನೋಡಿ.

ಲಡಾಯಿ ನಡೆದಿದ್ದ ವರ್ಷ, ಕಾಗದಕ್ಕೇ ಬರ ಬಂದಿದ್ದ ಕಾಲದಲ್ಲಿ, ನಮ್ಮ ಮನೆಗೆ ಒಂದು ಕಟ್ಟು ಹೊಸ ಫಾರಂ ಬಂತು. ಮಕ್ಕಳ ವಿಷಯದಲ್ಲಿ ಹೊಸ ಕಾಯದೆ ಆಗಿದೆ, ಇನ್ನು ಮುಂದೆ ಅದರಂತೆ ನಡೆಯಬೇಕು ಎಂದು ಹುಕುಂ. ಅದನ್ನು ಕಲಿಸಲು ರಾಯಚೂರಿನಿಂದ ಇಮಾಮಬಾನು ಎಂಬ ಹೆಣ್ಣುಮಗಳು ಬಂದರು, ಓದಿದ ಹೆಂಗಸೆಂದು ಅವರನ್ನು ನಾವು ಬಾಯಾರು ಎನ್ನುತ್ತಿದ್ದೆವು. ಮೂರು ದಿನ ಇದ್ದರು. ನಾನು, ಹೊಳಿಯಮ್ಮ, ಬಂಡಿ ಹೊಡೆಯುವ ಮರ್ದಾನಸಾಬ, ಮೂವರೂ ಚಾಪೆಯ ಮೇಲೆ ಕೂತು ಕಲಿತೆವು.

ಕಲಿಸಿದ್ದು ಬಹಳವಿಲ್ಲ. ಮಗುವನ್ನು ಕೊಡುವ ಮೊದಲು ಆ ಮನೆ ನೋಡಿ ಬರಬೇಕು. ಮಗುವನ್ನು ಒಂಟಿಯಾಗಿ ಕೂಡಿಸಿಕೊಂಡು, ಹೋಗಲು ಮನಸ್ಸಿದೆಯೋ ಇಲ್ಲವೋ ಕೇಳಬೇಕು. ಕೊಟ್ಟ ಮೂವತ್ತನೆಯ ದಿನಕ್ಕೆ ಹೋಗಿ, ಮಗುವನ್ನು ಕಣ್ಣಾರೆ ಕಂಡು, ಮೈ ಕೈ ನೋಡಿ, ಆಮೇಲೆ ಫಾರಂ ತುಂಬಿ ರುಜು ಹಾಕಬೇಕು. ನಾವು ಬರುವ ದಿನ ಮಗುವಿಗೂ ಗೊತ್ತಿರಬೇಕು. ಎಣಿಸಲು ಬಾರದ ಮಗುವಿಗೆ ಮೂವತ್ತು ಗಂಟಿನ ದಾರ ಕೊಡಿ, ದಿನಕ್ಕೊಂದು ಬಿಚ್ಚಲಿ ಎಂದು ಬಾಯಾರೇ ಹೇಳಿಕೊಟ್ಟರು.

ಮೂರನೆಯ ಮಾತಿಗೆ ಹೊಳಿಯಮ್ಮ ತಿರುಗಿ ಬಿದ್ದಳು.

“ಅದೊಂದು ಆಗಂಗಿಲ್ರಿ ಬಾಯಾರ. ಉಡಿಗೆ ಹಾಕಿದ ಕೂಸಿನ ಮನಿಗೆ ಕರೀದ ಹೋಗಿ, ಮೈ ಕೈ ತೋರಸ್ರಿ ಅಂದ್ರ ಅವ್ರೇನು ಕಳ್ಳರೇನ್ರಿ?”

ಇಮಾಮಬಾನು ಸಿಟ್ಟಾಗಲಿಲ್ಲ. ಅವರ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ.

“ಕಳ್ಳರು ಅಂತ ಹೋಗೂದಲ್ಲ ಹೊಳಿಯಮ್ಮ. ಛಲೋ ಮನ್ಯಾಗೂ ಕೂಸು ಬೀಳತೈತಿ, ಜಡ್ಡಾಗತೈತಿ. ಅದಕ್ಕ ಹೇಳ್ಕೊಳ್ಳಾಕ ಯಾರದಾರ? ಹೆತ್ತಾಕಿ ಇದ್ದಿದ್ರ ಹೋಗಿ ನೋಡ್ತಿದ್ದಿಲ್ಲೇನು? ಆಕಿ ಸಲುವಾಗಿ ನೀನು ಹೋಗಬೇಕು. ಖುದ್ದ ಹೋಗಬೇಕು.”

ಹೊಳಿಯಮ್ಮ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಸುಮ್ಮನಾದಳು. ಒಪ್ಪಿದಳು ಎಂದು ಬಾಯಾರು ತಿಳಿದರು. ಒಪ್ಪಿಲ್ಲ ಎಂದು ನನಗೆ ಗೊತ್ತಿತ್ತು. ನಾನೂ ಒಳಗೊಳಗೇ ಅವಳ ಕಡೆಗೇ ಇದ್ದೆ, ಬೇವೂರು ಯಲಬುರ್ಗಿ ಎಂದು ಬಿಸಿಲಲ್ಲಿ ಬಂಡಿಯಲ್ಲಿ ಮೈ ನುಗ್ಗು ಮಾಡಿಕೊಳ್ಳುವವರು ಯಾರು ಎಂದು.

ಕಾಯದೆ ಬಂದ ಮೇಲೆ ನಾವು ಕೊಟ್ಟ ಮೊದಲ ಮಗು ಹಂಪವ್ವ. ಏಳು ವರ್ಷದ ಹುಡುಗಿ. ಅಳವಂಡಿಯ ಕಡೆಯವಳು. ಅಪ್ಪ ಅವ್ವ ಇಬ್ಬರೂ ಒಂದೇ ವಾರದಲ್ಲಿ ಹೋಗಿದ್ದರು. ಅವಳ ಸೋದರಮಾವ, ಬೇವೂರಿನ ಗ್ಯಾನಪ್ಪ, ಹೆಂಡತಿ ಮಾಳವ್ವನನ್ನು ಕರೆದುಕೊಂಡು ಬಂದ. ಕುರಿ ಸಾಕಿದ ಮನೆ. ಮರ್ದಾನಸಾಬ ಮೊದಲೇ ಹೋಗಿ ಮನೆ ನೋಡಿ ಬಂದಿದ್ದ, ಹೊಟ್ಟೆಬಟ್ಟೆಗೆ ಕೊರತೆಯಿಲ್ಲ ಎಂದಿದ್ದ. ನಾನು ಹಂಪವ್ವನನ್ನು ಒಂಟಿಯಾಗಿ ಕೂಡಿಸಿಕೊಂಡು ಕೇಳಿದೆ. ಹೋಗುತ್ತೇನೆ, ಮಾವನ ಮನೆಯಲ್ಲಿ ಕುರಿಮರಿ ಇವೆಯಂತೆ ಎಂದಳು. ಕಾಯದೆಯ ಎರಡು ಮಾತು ನಡೆಸಿದೆವು ಎಂದು ನಮಗೆ ನಾವೇ ಬೀಗಿದೆವು.

ಹೊಳಿಯಮ್ಮ ಕಂಬಳಿ ಹಾಸಿ ಮಾಳವ್ವನ ಉಡಿಗೆ ಹಾಕಿದಳು. ಆಮೇಲೆ ಹುಡುಗಿಯನ್ನು ಹತ್ತಿರ ಕರೆದು ಕೆಂಪು ದಾರವೊಂದನ್ನು ಕೊಟ್ಟಳು. ಬಾಯಾರು ಹೇಳಿಕೊಟ್ಟಂತೆ ಮೂವತ್ತು ಗಂಟು ಹಾಕಿದ್ದಳು.

“ದಿನಕ್ಕೊಂದ ಬಿಚ್ಚಬೇಕು. ಎಲ್ಲಾ ಬಿಚ್ಚಿದ ದಿನ ನಾ ಬರ್ತೀನಿ,” ಎಂದಳು.

“ಖರೇನ ಬರ್ತಿ ಆಯಿ?”

“ಖರೇನ ಬರ್ತೀನಿ.”

ಹುಡುಗಿ ದಾರವನ್ನು ಮುಂಗೈಗೆ ಸುತ್ತಿಕೊಂಡು ಮರ್ದಾನಸಾಬನ ಬಂಡಿ ಹತ್ತಿದಳು. ಬಂಡಿ ಹೋದ ಮೇಲೆ ನಾನು ಹೊಳಿಯಮ್ಮನನ್ನು ನಿಜವಾಗಿ ಹೋಗುತ್ತೀಯಾ ಎಂದು ಕೇಳಿದೆ. ಮಗುವಿಗೆ ಸಮಾಧಾನ ಆಗಲಿ ಎಂದು ಹೇಳಿದ್ದು, ಮಾವನ ಮನೆಗೆ ಹೊಂದಿಕೊಂಡರೆ ಎರಡು ದಿನಕ್ಕೆ ದಾರ ಎಸೆದುಬಿಡುತ್ತಾಳೆ ಎಂದಳು. ನನಗೂ ಅದೇ ಸರಿ ಕಂಡಿತು.

ಮೂವತ್ತನೆಯ ದಿನ ಬಂತು. ಮರ್ದಾನಸಾಬ ಎತ್ತಿಗೆ ನೀರು ಕುಡಿಸಿ, ಬಂಡಿಗೆ ಕೀಲೆಣ್ಣೆ ಹಾಕಿ, ಬೇವೂರಿಗೆ ಹೊರಡೋಣವೇ ಎಂದು ಬಂದು ಕೇಳಿದ. ಹೊಳಿಯಮ್ಮ ಒಳಗಿನಿಂದ ಹೊರಗೆ ಬರಲೇ ಇಲ್ಲ. ನಾನು ಆಕಾಶ ನೋಡಿದೆ. ಬಿಸಿಲು ಜಾಸ್ತಿ, ಇನ್ನೊಮ್ಮೆ ನೋಡೋಣ ಎಂದೆ. ಅವನು ಎತ್ತು ಕಟ್ಟಿದ. ನಾನು ಒಳಗೆ ಹೋಗಿ ಫಾರಂ ತೆಗೆದೆ. ಅದರಲ್ಲಿ ಮಗುವನ್ನು ಕಣ್ಣಾರೆ ಕಂಡೆನೆಂದೂ, ಆರೋಗ್ಯವಾಗಿದೆಯೆಂದೂ, ಮಾವನ ಮನೆಗೆ ಚೆನ್ನಾಗಿ ಹೊಂದಿಕೊಂಡಿದೆಯೆಂದೂ ಬರೆದೆ. ಆ ದಿನದ ತಾರೀಖು ಹಾಕಿ ರುಜು ಮಾಡಿದೆ. ಮಸಿ ಆರುವ ತನಕ ಊದುತ್ತ ಕೂತಿದ್ದೆ. ಅಕ್ಷರ ಮಾತ್ರ ಎಂದಿನಂತೆ ಮುತ್ತಿನ ಹಾಗೇ ಇತ್ತು.

ಮೂರನೆಯ ತಿಂಗಳು ಇಮಾಮಬಾನು ಮತ್ತೆ ಬಂದರು. ಕಲಿಸಿದ್ದು ನಡೆದಿದೆಯೋ ಇಲ್ಲವೋ ನೋಡಲು. ನಾನು ಕೊಟ್ಟ ಫಾರಂ ಓದಿ, ಹೀಗೇ ಇರಬೇಕು ಎಂದು ಮೆಚ್ಚಿದರು. ಆಮೇಲೆ, ಈ ಮನೆಯವರನ್ನು ನನಗೂ ತೋರಿಸಿ, ಬೇರೆ ಊರಲ್ಲಿ ಕಲಿಸುವಾಗ ನಿಮ್ಮ ಉದಾಹರಣೆ ಹೇಳುತ್ತೇನೆ ಎಂದರು. ಹೋಗಿಲ್ಲ ಎಂದು ಆಗಲೂ ಹೇಳಲಿಲ್ಲ. ಹೊಳಿಯಮ್ಮನೂ ಬಂಡಿ ಹತ್ತಿದಳು. ದಾರಿಯುದ್ದಕ್ಕೂ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬೇವೂರಿನಲ್ಲಿ ಗ್ಯಾನಪ್ಪನ ಮನೆಯ ಮುಂದೆ ಮಾಳವ್ವ ಜೋಳ ಕೇರುತ್ತಿದ್ದಳು. ನಮ್ಮನ್ನು ಕಂಡು ಮೊರ ಕೆಳಗಿಟ್ಟಳು. ಕುಡಿಯಲು ನೀರು ತಂದುಕೊಟ್ಟಳು. ಹಂಪವ್ವ ಎಲ್ಲಿ ಎಂದು ಬಾಯಾರು ಕೇಳಿದ್ದಕ್ಕೆ, ಗೋಡೆಗೆ ಒರಗಿ ಕೂತುಬಿಟ್ಟಳು. ಅವಳು ಹೇಳಿದ್ದನ್ನು ಹಾಗೇ ಹೇಳುತ್ತೇನೆ.

“ಬಂದು ಇಪ್ಪತ್ತು ದಿನ ಆಗಿತ್ರಿ. ಒಲಿ ಮ್ಯಾಲಿನ ಅಂಬಲಿ ಗಡಿಗಿ ಉರುಳಿ ಕಾಲ ಮ್ಯಾಲ ಬಿತ್ತು. ನಮಗ ತಿಳಿದಿದ್ದು ಹಚ್ಚಿದ್ವಿ. ಕೀವಾತು. ಕೊಪ್ಪಳ ದವಾಖಾನಿಗೆ ಒಯ್ಯೂಣು ಅಂದ್ರ ಬಂಡಿ ಇಲ್ಲ. ನಿಮಗ ಹೇಳಿ ಕಳಸೂಣು ಅಂದ್ರ, ಉಡಿಗೆ ಹಾಕ್ಕೊಂಡು ಹೋದ ಕೂಸಿನ ಕಾಲು ಸುಟ್ಟೀವಿ ಅಂತ ಯಾವ ಬಾಯಿಲೆ ಹೇಳೂದ್ರಿ? ಹೆಂಗೂ ನೀವು ಬರಾವ್ರಿದ್ರಿ. ಕೂಸು ದಿನಾ ಹೇಳತಿತ್ತು, ಆಯಿ ಬರ್ತಾಳ, ಬಂಡಿ ತರ್ತಾಳ ಅಂತ. ನಾವೂ ದಾರಿ ಕಾದ್ವಿ. ಕೂಸು ಉಳೀಲಿಲ್ರಿ.”

ಮಾಳವ್ವ ಒಳಗೆ ಹೋಗಿ ಗೂಡಿನಿಂದ ಕೆಂಪು ದಾರ ತಂದು ಬಾಯಾರ ಕೈಗೆ ಕೊಟ್ಟಳು. ದಾರದಲ್ಲಿ ಇನ್ನೂ ಗಂಟುಗಳಿದ್ದವು. ನನ್ನ ಪಾಪಿ ಮನಸ್ಸಿಗೆ ಅದನ್ನು ಕಂಡು ಒಂದು ಗಳಿಗೆ ಸಮಾಧಾನವಾಯಿತು. ಮೂವತ್ತು ದಿನ ತುಂಬುವ ಮೊದಲೇ ಹೋಗಿದ್ದಾಳೆ, ನಾವು ಹೋಗಿದ್ದರೂ ಸಿಗುತ್ತಿರಲಿಲ್ಲ ಎಂದು ಎಣಿಸಿದೆ.

ಗಂಟು ಉಳಿದಿವೆಯಲ್ಲ ಎಂದು ನಾನೇ ಬಾಯಿಬಿಟ್ಟು ಕೇಳಿದೆ.

“ಅವು ನಿಮ್ಮ ಗಂಟು ಅಲ್ರಿ,” ಎಂದಳು ಮಾಳವ್ವ. “ನಿಮ್ಮವು ಮೂವತ್ತೂ ಬಿಚ್ಚಿದ್ಲು. ಆವತ್ತು ಸಂಜಿತನಕ ಕಟ್ಟಿ ಮ್ಯಾಲ ಕುಂತ್ಲು, ಕಾಲು ಊರಾಕ ಬರತಿದ್ದಿಲ್ಲ, ನಾನ ಎತ್ತಿ ಕುಂಡ್ರಿಸಿದ್ದೆ. ನೀವು ಬರಲಿಲ್ಲ. ಎಣಿಸೂದು ನಂದ ತಪ್ಪೈತಿ ಅತ್ತಿ, ಆಯಿ ಸುಳ್ಳು ಹೇಳಂಗಿಲ್ಲ ಅಂದ್ಲು. ಮರುದಿನದಿಂದ ತಾನ ದಿನಕ್ಕೊಂದು ಹಾಕಾಕ ಹತ್ತಿದ್ಲು.”

ಇಮಾಮಬಾನು ದಾರವನ್ನು ಬೆರಳಲ್ಲಿ ಹಿಡಿದು ಎಣಿಸಿದರು. ಹನ್ನೊಂದು ಇದ್ದವು.

ಅಂದರೆ ನಾನು ಬಿಸಿಲು ಜಾಸ್ತಿ ಎಂದ ದಿನ ಹಂಪವ್ವ ಬದುಕಿದ್ದಳು. ನಾನು ಮಸಿ ಊದುತ್ತ ಕೂತಿದ್ದ ಹೊತ್ತಿಗೆ ಅವಳು ಕಟ್ಟೆಯ ಮೇಲೆ ಕೂತಿದ್ದಳು. ಅವತ್ತು ಬಂಡಿ ಹೊರಟಿದ್ದರೆ ಮರುದಿನ ದವಾಖಾನೆಯಲ್ಲಿ ಇರುತ್ತಿದ್ದಳು. ಬದುಕುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಆಮೇಲೆ ಡಾಕ್ಟರರನ್ನು ಕೇಳಿದೆ. ಕಾಲು ಹೋಗುತ್ತಿತ್ತೇನೋ, ಹುಡುಗಿ ಉಳಿಯುತ್ತಿದ್ದಳು ಅಂದರು. ಕೇಳಬಾರದಿತ್ತು.

ಊರ ಹೊರಗೆ ಒಂದು ಸಣ್ಣ ಗುಡ್ಡೆ ತೋರಿಸಿದರು. ಹೊಳಿಯಮ್ಮ ಅಳಲಿಲ್ಲ. ಕೂತು, ಮಣ್ಣಿನ ಮೇಲೆ ಕೈಯಿಟ್ಟು, “ನೀ ಎಣಿಸಿದ್ದು ಸರಿ ಇತ್ತವ್ವಾ,” ಎಂದಳು. ಅಷ್ಟೇ.

ತಿರುಗಿ ಬಂದ ಮೇಲೆ ನಾನು ಫಾರಂ ತೆಗೆದು ಬಾಯಾರ ಮುಂದಿಟ್ಟು, ಇದು ಸುಳ್ಳು, ನನ್ನನ್ನು ಕೆಲಸದಿಂದ ತೆಗೆಯಿರಿ ಎಂದೆ.

“ತಪ್ಪು ನಿಂದೊಂದ ಅಲ್ಲ, ನಂದೂ ಐತಿ,” ಎಂದರು ಅವರು. “ಮೂರು ದಿನ ಕಲಿಸಿ, ಕಲಿತ್ರು ಅಂತ ತಿಳಕೊಂಡು ಹೋದೆ. ಹೊಳಿಯಮ್ಮ ಸುಮ್ಮನಾಗಿದ್ದು ಕಂಡೂ ಮತ್ತೊಮ್ಮೆ ಕೇಳಲಿಲ್ಲ. ನಿನ್ನ ತಗದ್ರ ನೀ ಮನಿಗೆ ಹೋಗಿ ಮರ್ತು ಬಿಡ್ತಿ. ಅದು ಬ್ಯಾಡ. ಆದದ್ದನ್ನ ಆದಂಗ ಒಂದು ಕಾಗದದಾಗ ಬರಿ, ಎಲ್ಲೆಲ್ಲಿ ಕಾಯದೆ ಕಲಸ್ತಾರ, ಅಲ್ಲೆಲ್ಲ ಹೋಗಿ ಅದನ್ನ ಓದಿ ಹೇಳು.”

ಅಂದಿನಿಂದ ಓದುತ್ತಿದ್ದೇನೆ. ಗಂಗಾವತಿಯಲ್ಲಿ ಓದಿದೆ, ಕುಷ್ಟಗಿಯಲ್ಲಿ ಓದಿದೆ, ತಾವರಗೇರಿಯಲ್ಲಿ, ಯಲಬುರ್ಗಿಯಲ್ಲಿ ಓದಿದೆ. ಓದಿದಷ್ಟೂ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಿಲ್ಲ. ಹೊಳಿಯಮ್ಮ ಈಗಲೂ ಮಕ್ಕಳನ್ನು ಉಡಿಗೆ ಹಾಕುತ್ತಾಳೆ. ಅಕ್ಕಿ ಕೊಬ್ಬರಿ ಹಾಕಿದ ಮೇಲೆ, ಕರೆದುಕೊಂಡು ಹೋಗುವವಳ ಎರಡೂ ಕೈ ಹಿಡಿದು, ಮೂವತ್ತಕ್ಕೆ ನಾನು ಬರುತ್ತೇನೆ, ಬಂದರೆ ಮುಖ ತಿರುವಬೇಡ, ಮಗುವಿಗೆ ಏನಾದರೂ ಆದರೆ ನಾಚಿಕೆ ಬಿಟ್ಟು ಹೇಳಿ ಕಳಿಸು ಎಂದು ಎಲ್ಲರೆದುರು ಹೇಳುತ್ತಾಳೆ. ಇಲ್ಲಿಯ ತನಕ ಯಾರೂ ಮುಖ ತಿರುವಿಲ್ಲ. ಇಷ್ಟು ಸುಲಭವಿತ್ತು ಎಂದು ತಿಳಿದಾಗಲೇ ಅವಳು ಅತ್ತದ್ದು.

ಈ ಕಾಗದ ಕೇಳುತ್ತಿರುವ ತಾಯಂದಿರೇ, ಅಣ್ಣಂದಿರೇ, ಮಕ್ಕಳ ಕೆಲಸಕ್ಕೆ ಸೇರಿದವರೇ. ಕಾಯದೆ ಕಲಿತ ಮೇಲೆ ಅದರಂತೆ ಎದ್ದು ಹೋಗಿ. ಕಾಣದೆ ಕಂಡೆ ಎಂದು ಬರೆಯಬೇಡಿ. ಬಿಸಿಲಿದ್ದರೆ ತಲೆಗೆ ವಸ್ತ್ರ ಸುತ್ತಿಕೊಳ್ಳಿ. ಬಳಗದ ಮಗುವನ್ನು ಮನೆಗೆ ತಂದವರೇ, ನೋಡಲು ಬಂದವರನ್ನು ತಪ್ಪು ತಿಳಿಯಬೇಡಿ. ಬರದಿದ್ದರೆ ಯಾಕೆ ಬರಲಿಲ್ಲ ಎಂದು ಬಂದು ನಮ್ಮ ಕೊರಳಪಟ್ಟಿ ಹಿಡಿಯಿರಿ.

ಇಂತಿಷ್ಟು ದಿನಕ್ಕೆ ಬರುತ್ತೇನೆ ಎಂದು ಯಾವ ಮಗುವಿಗಾದರೂ ಮಾತು ಕೊಟ್ಟಿದ್ದೀರಾ? ಈಗ ಮನಸ್ಸಿನಲ್ಲೇ ಎಣಿಸಿ ನೋಡಿ. ದಿನ ತುಂಬಿದ್ದರೆ ನನ್ನ ಮಾತು ಮುಗಿಯುವ ತನಕ ಕೂತಿರಬೇಡಿ. ಆ ಮಗು ಎಣಿಕೆ ತಪ್ಪಿದ್ದು ತನ್ನದೇ ಎಂದುಕೊಂಡು ಕಟ್ಟೆಯ ಮೇಲೆ ಕೂತಿರಬಹುದು.